ಅಲಾಸ್ಕದ ಬಾವುಟದಲ್ಲಿ ಸಪ್ತರ್ಷಿಗಳು

1867ನೇ ಇಸವಿ, ಅಕ್ಟೋಬರ್ 18. ಉತ್ತರ ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಟ್ಕಾ ಎಂಬ ಬಂದರಿನ ಗುಡ್ಡದ ಮೇಲೆ ಎರಡು ದೇಶಗಳ ಸೈನಿಕರು ಸಾಲುಗಟ್ಟಿ ನಿಂತಿದ್ದರು. ರಷ್ಯದ ಬಾವುಟ ಇಳಿಯಬೇಕು, ಅಮೆರಿಕದ ಬಾವುಟ ಏರಬೇಕು. ಆದರೆ ರಷ್ಯದ ಬಾವುಟ ಕಂಬಕ್ಕೆ ಸುತ್ತಿಕೊಂಡುಬಿಟ್ಟಿತು. ಜಗ್ಗಿದರೂ ಬರಲಿಲ್ಲ. ಕೊನೆಗೆ ಒಬ್ಬ ಸೈನಿಕನನ್ನು ಮೇಲಕ್ಕೆ ಏರಿಸಿ ಅದನ್ನು ಬಿಡಿಸಬೇಕಾಯಿತು. ಅಂದಿನಿಂದ ಅಲಾಸ್ಕ ಅಮೆರಿಕದ್ದಾಯಿತು.

ಕೊಟ್ಟ ಬೆಲೆ 72 ಲಕ್ಷ ಡಾಲರ್. ಎಕರೆಗೆ ಲೆಕ್ಕ ಹಾಕಿದರೆ ಸುಮಾರು ಎರಡು ಸೆಂಟ್. ಈ ಖರೀದಿಯನ್ನು ಕುದುರಿಸಿದ ವಿಲಿಯಂ ಸೀವರ್ಡ್ ಅವರನ್ನು ಅಂದಿನ ಕೆಲವು ಪತ್ರಿಕೆಗಳು ಗೇಲಿ ಮಾಡಿದವು, ಮಂಜುಗಡ್ಡೆ ಕೊಂಡುಕೊಂಡರೆಂದು ಆಡಿಕೊಂಡವು. ಸಾವಿರಾರು ವರ್ಷಗಳಿಂದ ಆ ನೆಲದಲ್ಲೇ ಬಾಳಿದ ಟ್ಲಿಂಗಿಟ್, ಯುಪಿಕ್, ಇನ್ಯೂಪಿಯಾಕ್, ಉನಾಂಗನ್ ಜನರನ್ನು ಮಾತ್ರ ಕೊಂಡವರೂ ಕೇಳಲಿಲ್ಲ, ಮಾರಿದವರೂ ಕೇಳಲಿಲ್ಲ. ಅಲಾಸ್ಕ ಎಂಬ ಹೆಸರೇ ಉನಾಂಗನ್ ಜನರ ಮಾತಿನಿಂದ ಬಂದದ್ದು. ಕಡಲು ಯಾವುದರ ಕಡೆಗೆ ಹಾಯುತ್ತದೋ ಅದು, ಎಂಬುದು ಆ ಮಾತಿನ ಅರ್ಥ. ದ್ವೀಪಗಳಲ್ಲಿ ಬದುಕುವವರು ದೂರದ ದೊಡ್ಡ ನೆಲವನ್ನು ಹಾಗೆ ಕರೆದರು. ದೋಣಿಯಲ್ಲಿ ಕುಳಿತು ನೆಲವನ್ನು ನೋಡಿದವರಿಗೆ ಮಾತ್ರ ಹೊಳೆಯುವ ಹೆಸರು ಅದು.

ಎಷ್ಟು ದೊಡ್ಡ ನೆಲ? ಸುಮಾರು 17 ಲಕ್ಷ 18 ಸಾವಿರ ಚದರ ಕಿಲೋಮೀಟರ್. ಕರ್ನಾಟಕದಂಥ ಹೆಚ್ಚುಕಡಿಮೆ ಒಂಬತ್ತು ರಾಜ್ಯಗಳನ್ನು ಅದರೊಳಗೆ ಹೊಂದಿಸಬಹುದು. ಜನರೋ, 2020ರ ಗಣತಿಯಂತೆ 7 ಲಕ್ಷ 33 ಸಾವಿರ. ಮೈಸೂರು ನಗರ ಒಂದರಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಈ ಜನರಲ್ಲೂ ಹತ್ತಿರ ಹತ್ತಿರ ಮೂರು ಲಕ್ಷ ಮಂದಿ ಆಂಕರೇಜ್ ಎಂಬ ಒಂದೇ ನಗರದಲ್ಲಿದ್ದಾರೆ. ರಾಜಧಾನಿ ಜೂನೋ. ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡಿರುವ ಆ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಧಾನಸಭೆಯ ಸದಸ್ಯರೂ ವಿಮಾನದಲ್ಲಿ ಬರಬೇಕು, ಇಲ್ಲವೇ ಹಡಗು ಹತ್ತಬೇಕು.

ಇಷ್ಟು ದೊಡ್ಡ ನಾಡಿಗೆ ಅರವತ್ತು ವರ್ಷ ತನ್ನದೇ ಆದ ಬಾವುಟ ಇರಲಿಲ್ಲ. ಅದು ಆಗಿನ್ನೂ ರಾಜ್ಯವಲ್ಲ, ಕೇಂದ್ರದ ಅಧೀನದ ಪ್ರಾಂತ. 1926ರಲ್ಲಿ ಅದರ ಗವರ್ನರ್ ಜಾರ್ಜ್ ಪಾರ್ಕ್ಸ್ ವಾಷಿಂಗ್ಟನ್‌ಗೆ ಹೋಗಿದ್ದಾಗ, ಅಂಚೆ ಇಲಾಖೆಯ ಕಟ್ಟಡದಲ್ಲಿ ರಾಜ್ಯ ರಾಜ್ಯಗಳ ಬಾವುಟಗಳು ಸಾಲಾಗಿ ಹಾರುವುದನ್ನು ಕಂಡರು. ಆ ಸಾಲಿನಲ್ಲಿ ಅಲಾಸ್ಕದ್ದು ಇರಲಿಲ್ಲ. ಮರಳಿ ಬಂದವರೇ ಅಲಾಸ್ಕದ ಅಮೆರಿಕನ್ ಲೀಜನ್ ಸಂಸ್ಥೆಯನ್ನು, ಎಂದರೆ ಮಾಜಿ ಸೈನಿಕರ ಸಂಘವನ್ನು, ಒಪ್ಪಿಸಿ ಒಂದು ಸ್ಪರ್ಧೆ ಏರ್ಪಡಿಸಿದರು. ಸ್ಪರ್ಧೆ ಚಿತ್ರಕಾರರಿಗಲ್ಲ, ಏಳರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ. ಅಲಾಸ್ಕದ ಕಥೆಯಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನ ಇನ್ನೊಂದಿಲ್ಲ.

ಏಳುನೂರರಷ್ಟು ಚಿತ್ರಗಳು ಬಂದವು. ಬಹಳಷ್ಟರಲ್ಲಿ ಹಿಮಕರಡಿ ಇತ್ತು, ಚಿನ್ನದ ಗಣಿ ಇತ್ತು, ನಡುರಾತ್ರಿಯ ಸೂರ್ಯ ಇದ್ದ, ಉತ್ತರದ ಬಾನಿನ ಬಣ್ಣದ ಬೆಳಕು ಇತ್ತು. ಹೊರಗಿನವರು ಅಲಾಸ್ಕ ಎಂದೊಡನೆ ನೆನೆಯುವುದೆಲ್ಲ ಅಲ್ಲಿತ್ತು. ತೀರ್ಪುಗಾರರು ಒಮ್ಮತದಿಂದ ಎತ್ತಿಕೊಂಡದ್ದು ಮಾತ್ರ ಬೇರೆಯೇ. ಕಡುನೀಲಿ ಬಟ್ಟೆ, ಅದರ ಮೇಲೆ ಎಂಟು ಚಿನ್ನದ ನಕ್ಷತ್ರ, ಅಷ್ಟೇ. ಕಳಿಸಿದವನು ಸೀವರ್ಡ್ ಎಂಬ ಊರಿನ ಅನಾಥಾಲಯದಲ್ಲಿದ್ದ ಹದಿಮೂರರ ಹುಡುಗ, ಬೆನ್ನಿ ಬೆನ್ಸನ್. ಅಲಾಸ್ಕವನ್ನು ಕೊಂಡ ಸೀವರ್ಡ್ ಅವರ ಹೆಸರನ್ನೇ ಹೊತ್ತ ಊರು ಅದು.

ಬೆನ್ನಿ ಹುಟ್ಟಿದ್ದು ಅಲಾಸ್ಕದ ನೈಋತ್ಯದ ಚಿಗ್ನಿಕ್ ಎಂಬ ಮೀನುಗಾರರ ಊರಿನಲ್ಲಿ. ತಂದೆ ಸ್ವೀಡನ್‌ನಿಂದ ಬಂದವರು. ತಾಯಿ ಅಲ್ಲಿನ ಮೂಲನಿವಾಸಿ ಮತ್ತು ರಷ್ಯನ್ ರಕ್ತ ಬೆರೆತ ಮನೆತನದವರು. ಹುಡುಗ ಇನ್ನೂ ತೀರ ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡರು, ಮನೆ ಸುಟ್ಟುಹೋಯಿತು. ಮಕ್ಕಳನ್ನು ಸಾಕುವ ದಾರಿ ಕಾಣದೆ ತಂದೆ ಬೆನ್ನಿಯನ್ನೂ ಅವನ ತಮ್ಮನನ್ನೂ ಜೆಸ್ಸಿ ಲೀ ಹೋಮ್ ಎಂಬ ಮಿಷನ್ ಅನಾಥಾಲಯಕ್ಕೆ ಸೇರಿಸಿದರು. ಅದು ಮೊದಲು ಉನಲಾಸ್ಕ ದ್ವೀಪದಲ್ಲಿತ್ತು, ಆಮೇಲೆ ಸೀವರ್ಡ್‌ಗೆ ಬಂತು.

ತನ್ನ ಚಿತ್ರದ ಜೊತೆಗೆ ಹುಡುಗ ನಾಲ್ಕು ಸಾಲಿನ ವಿವರಣೆಯನ್ನೂ ಬರೆದಿದ್ದ. ನೀಲಿ ಎಂದರೆ ಅಲಾಸ್ಕದ ಬಾನು, ಅಲ್ಲಿ ಬೆಟ್ಟಗಳ ಮೇಲೆ ಅರಳುವ ನೀಲಿ ಹೂವು ಕೂಡ. ಉತ್ತರದ ನಕ್ಷತ್ರ ಎಂದರೆ ಮುಂದೊಂದು ದಿನ ಆಗಲಿರುವ ಅಲಾಸ್ಕ ರಾಜ್ಯ, ಎಲ್ಲಕ್ಕಿಂತ ಉತ್ತರದ ರಾಜ್ಯ. ಉಳಿದ ಏಳು ಎಂದರೆ ಪಾಶ್ಚಾತ್ಯರು ದೊಡ್ಡ ಕರಡಿ ಎಂದು ಕರೆಯುವ ತಾರಾಪುಂಜ, ಬಲದ ಗುರುತು. ರಾಜ್ಯವಾಗಲು ಇನ್ನೂ ಮೂವತ್ತೆರಡು ವರ್ಷ ಬಾಕಿ ಇತ್ತು. ದೊಡ್ಡವರು ವಾದಿಸುತ್ತಿದ್ದ ಕಾಲದಲ್ಲಿ ಹುಡುಗ ಅದನ್ನು ಆಗಲೇ ಬಾನಿನಲ್ಲಿ ಇಟ್ಟುಬಿಟ್ಟಿದ್ದ.

ಈ ಬಾವುಟವನ್ನು ಕನ್ನಡದ ಒಬ್ಬ ಅಜ್ಜಿಯ ಮುಂದೆ ಹಿಡಿದರೆ ಆಕೆಗೆ ಯಾರೂ ಅರ್ಥ ಹೇಳಬೇಕಾಗಿಲ್ಲ. ಅಲ್ಲಿರುವುದು ಸಪ್ತರ್ಷಿ ಮಂಡಲ ಮತ್ತು ಧ್ರುವ. ಅಲಾಸ್ಕದವರು ಸೌಟು ಎಂದು ನೋಡುವ ಆಕಾರದಲ್ಲಿ ಇಲ್ಲಿನವರು ಕ್ರತು, ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಮರೀಚಿಯರನ್ನು ಎಣಿಸುತ್ತಾರೆ. ಸೌಟಿನ ಬಟ್ಟಲಿನ ಅಂಚಿನಲ್ಲಿರುವ ಕ್ರತು ಮತ್ತು ಪುಲಹರನ್ನು ಸೇರಿಸಿ ಒಂದು ಗೆರೆ ಎಳೆದು ಮುಂದುವರಿಸಿದರೆ ಧ್ರುವ ಸಿಗುತ್ತಾನೆ. ಬೆನ್ನಿಯ ಬಾವುಟದಲ್ಲೂ ಗೆರೆ ಹಾಗೆಯೇ ಹೋಗುತ್ತದೆ, ಅದರ ತುದಿಯ ನಕ್ಷತ್ರವನ್ನು ಉಳಿದವಕ್ಕಿಂತ ದೊಡ್ಡದಾಗಿ ಬರೆದಿದೆ. ವಸಿಷ್ಠನ ಮಗ್ಗುಲಲ್ಲಿ ಸಣ್ಣಗೆ ಮಿನುಗುವ ಅರುಂಧತಿ ಮಾತ್ರ ಅದರಲ್ಲಿಲ್ಲ. ಮದುವೆಯ ದಿನ ಆಕೆಯನ್ನು ತೋರಿಸುವ ಪದ್ಧತಿ ಆ ಹುಡುಗನಿಗೆ ತಿಳಿದಿರಲು ಸಾಧ್ಯವಿಲ್ಲ.

ಧ್ರುವನ ಕಥೆ ಗೊತ್ತಿರುವವರಿಗೆ ಇಲ್ಲಿ ಇನ್ನೊಂದು ನೆನಪೂ ಬಾರದಿರದು. ತಂದೆಯ ತೊಡೆ ತಪ್ಪಿದ ಬಾಲಕನೊಬ್ಬ, ಯಾರೂ ಎಬ್ಬಿಸಲಾಗದ ಸ್ಥಾನ ಹುಡುಕಿ ಹೊರಟು, ಕದಲದ ನಕ್ಷತ್ರವಾದ ಕಥೆ ಅದು. ಜೆಸ್ಸಿ ಲೀ ಹೋಮ್‌ನ ಹುಡುಗ ಮಲಗುವ ಮುನ್ನ ಇದೇ ನಕ್ಷತ್ರಗಳನ್ನು ನೋಡುತ್ತಿದ್ದನೆಂದು ಅಲ್ಲಿನವರು ಹೇಳುತ್ತಾರೆ. ಎರಡು ಕಥೆಗಳಿಗೂ ಒಂದಕ್ಕೊಂದರ ಪರಿಚಯವಿಲ್ಲ. ಬಾನು ಒಂದೇ ಆದ್ದರಿಂದ ಎರಡೂ ಅಲ್ಲಿ ಸಂಧಿಸಿವೆ.

ಬಾನು ಒಂದೇ ಆದರೂ ಕಾಣುವ ಎತ್ತರ ಬೇರೆ. ಯಾವ ಊರಿನ ಅಕ್ಷಾಂಶ ಎಷ್ಟೋ ಆ ಊರಿನಲ್ಲಿ ಧ್ರುವನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ. ಬೆಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿ, ಬೀದರಿನಲ್ಲಿ 18 ಡಿಗ್ರಿಯ ಹತ್ತಿರ. ಒಂದು ತೆಂಗಿನ ಮರವೋ ಎದುರು ಮನೆಯ ಮಹಡಿಯೋ ಅಡ್ಡವಾದರೆ ಧ್ರುವ ಮರೆ. ಜೂನೋದಲ್ಲಿ ಅವನು 58 ಡಿಗ್ರಿ ಮೇಲಿರುತ್ತಾನೆ, ಅಲಾಸ್ಕದ ಉತ್ತರ ತುದಿಯ ಉಟ್ಕಿಯಾಗ್ವಿಕ್ ಊರಿನಲ್ಲಿ 71 ಡಿಗ್ರಿ, ಬಹುತೇಕ ನೆತ್ತಿಯ ಮೇಲೆಯೇ. ಕರ್ನಾಟಕದಲ್ಲಿ ಸಪ್ತರ್ಷಿಗಳು ಹುಟ್ಟಿ ಮುಳುಗುತ್ತಾರೆ. ಅಲಾಸ್ಕದಲ್ಲಿ ಎಲ್ಲಿ ನಿಂತು ನೋಡಿದರೂ ಅವರು ಮುಳುಗುವುದೇ ಇಲ್ಲ, ವರ್ಷವಿಡೀ ಧ್ರುವನ ಸುತ್ತ ತಿರುಗುತ್ತಲೇ ಇರುತ್ತಾರೆ. ಹಾಗಾಗಿ ಈ ಎಂಟು ನಕ್ಷತ್ರಗಳನ್ನು ಬಾವುಟಕ್ಕೆ ತರುವ ಹಕ್ಕು ಅಲಾಸ್ಕಕ್ಕೆ ಇರುವಷ್ಟು ಅಮೆರಿಕದ ಬೇರೆ ಯಾವ ರಾಜ್ಯಕ್ಕೂ ಇಲ್ಲ.

1927ರ ಮೇ ತಿಂಗಳಲ್ಲಿ ಪ್ರಾಂತದ ಶಾಸನಸಭೆ ಬಾವುಟವನ್ನು ಒಪ್ಪಿಕೊಂಡಿತು. ಜುಲೈ 9ರಂದು ಜೆಸ್ಸಿ ಲೀ ಹೋಮ್‌ನ ಅಂಗಳದಲ್ಲಿ ಅದು ಮೊದಲ ಬಾರಿ ಹಾರಿತು. ಜುಲೈ ಎಂದರೆ ಅಲ್ಲಿ ರಾತ್ರಿಯೂ ಪೂರ್ತಿ ಕತ್ತಲಾಗದ ಕಾಲ. ಬಟ್ಟೆಯ ಮೇಲಿನ ಆ ನಕ್ಷತ್ರಗಳನ್ನು ಕಪ್ಪು ಬಾನಿನಲ್ಲಿ ನೋಡಬೇಕಾದರೆ ಆಗಸ್ಟ್ ಕಳೆಯುವವರೆಗೆ ಕಾಯಬೇಕು.

ಬೆನ್ನಿಗೆ ಬಹುಮಾನವಾಗಿ ಬಾವುಟದ ಚಿತ್ರ ಕೆತ್ತಿದ ಒಂದು ಚಿನ್ನದ ಗಡಿಯಾರ ಸಿಕ್ಕಿತು, ವಾಷಿಂಗ್ಟನ್ ಪ್ರವಾಸಕ್ಕೆಂದು ಸಾವಿರ ಡಾಲರ್ ಕೂಡ. ಪ್ರವಾಸ ನಡೆಯಲೇ ಇಲ್ಲ. ಆ ಹಣದಿಂದ ಅವನು ಮುಂದೆ ಸಿಯಾಟಲ್‌ಗೆ ಹೋಗಿ ಡೀಸೆಲ್ ಎಂಜಿನ್ ರಿಪೇರಿ ಕಲಿತ.

ಹುಡುಗ ನೆನೆದ ಆ ನೀಲಿ ಹೂವು ಇಂಗ್ಲಿಷಿನಲ್ಲಿ ಫರ್ಗೆಟ್-ಮಿ-ನಾಟ್. ಮರೆಯಬೇಡ ನನ್ನ ಎಂದು ಕೇಳಿಕೊಳ್ಳುವ ಹೂವು. 1917ರಿಂದಲೇ ಅದು ಅಲಾಸ್ಕದ ಅಧಿಕೃತ ಹೂವು. ಉಗುರಿನಷ್ಟೂ ಅಗಲವಿಲ್ಲದ ಐದು ಎಸಳು, ನಡುವೆ ಹಳದಿ ಚುಕ್ಕೆ. ಅಷ್ಟು ದೊಡ್ಡ ನಾಡು ಅಷ್ಟು ಚಿಕ್ಕ ಹೂವನ್ನು ಆರಿಸಿಕೊಂಡಿದೆ.

ಹಕ್ಕಿಯನ್ನೂ ಆರಿಸಿದ್ದು ಶಾಲೆಯ ಮಕ್ಕಳೇ. ವಿಲ್ಲೋ ಟಾರ್ಮಿಗನ್ ಎಂಬ, ಕೋಳಿಯ ಜಾತಿಗೆ ಸೇರಿದ ಹಕ್ಕಿ ಅದು. ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಹಿಮದಂತೆ ಬಿಳಿ. ಕಾಲ್ಬೆರಳುಗಳವರೆಗೂ ಗರಿ ತೊಟ್ಟುಕೊಂಡು ಹಿಮದ ಮೇಲೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ಅದರ ಹೆಸರಿನ ಮೊದಲಿಗೆ ಉಚ್ಚರಿಸದ ಒಂದು ‘ಪಿ’ ಇದೆ. ಚಿನ್ನ ಅಗೆಯುವವರು ತಮ್ಮ ಊರಿಗೆ ಈ ಹಕ್ಕಿಯ ಹೆಸರಿಡಲು ಹೊರಟು, ಕಾಗುಣಿತ ಹೇಗೆಂದು ಒಮ್ಮತಕ್ಕೆ ಬಾರದೆ, ಕೊನೆಗೆ ಚಿಕನ್ ಎಂದೇ ಬರೆದರು ಎಂಬ ಕಥೆ ಅಲ್ಲಿ ಬಾಯಿಂದ ಬಾಯಿಗೆ ನಡೆದಿದೆ. ಚಿಕನ್ ಎಂಬ ಆ ಊರು ಇಂದಿಗೂ ನಕ್ಷೆಯಲ್ಲಿದೆ.

1995ರಲ್ಲಿ ರಾಜ್ಯದ ಕೀಟವನ್ನು ಗೊತ್ತುಮಾಡಿದ ಬಗೆ ಇನ್ನೂ ಚೆನ್ನ. ಕುಸ್ಕೊಕ್ವಿಮ್ ನದಿಯ ದಡದಲ್ಲಿ ಅನಿಯಾಕ್ ಎಂಬ ಪುಟ್ಟ ಊರಿದೆ. ಅಲ್ಲಿನ ಪ್ರಾಥಮಿಕ ಶಾಲೆಯ ಮಕ್ಕಳು ಈ ಮಾತು ಎತ್ತಿದರು, ರಾಜ್ಯದ ಮಕ್ಕಳೆಲ್ಲ ಮತ ಹಾಕಿದರು. ಅಲಾಸ್ಕದಲ್ಲಿ ಸೊಳ್ಳೆಗೆ ಇರುವಷ್ಟು ಖ್ಯಾತಿ ಬೇರೆ ಯಾವ ಹುಳುವಿಗೂ ಇಲ್ಲ. ಆದರೂ ಮಕ್ಕಳು ಗೆಲ್ಲಿಸಿದ್ದು ಸೊಳ್ಳೆಯನ್ನು ತಿನ್ನುವ, ರೆಕ್ಕೆಗಳ ಮೇಲೆ ನಾಲ್ಕು ಚುಕ್ಕೆ ಇರುವ ಡ್ರ್ಯಾಗನ್‌ಫ್ಲೈಯನ್ನು. ಅವರು ಮುಂದಿಟ್ಟ ಒಂದು ಕಾರಣವನ್ನು ಕನ್ನಡ ಮಕ್ಕಳು ಕೂಡಲೇ ಒಪ್ಪಿಯಾರು. ಗಾಳಿಯಲ್ಲಿ ನಿಲ್ಲಬಲ್ಲ, ಮುಂದೆಯೂ ಹಿಂದೆಯೂ ಹಾರಬಲ್ಲ ಈ ಕೀಟ, ರಸ್ತೆಯಿಲ್ಲದ ಹಳ್ಳಿಗಳಿಗೆ ಪುಟ್ಟ ವಿಮಾನ ಇಳಿಸುವ ತಮ್ಮ ಪೈಲಟ್‌ಗಳನ್ನು ನೆನಪಿಸುತ್ತದೆ ಎಂಬುದು ಆ ಕಾರಣ. ನಮ್ಮ ಊರುಗಳ ಹುಡುಗರು ಇದನ್ನು ಎಂದಿನಿಂದಲೋ ಏರೋಪ್ಲೇನ್ ಚಿಟ್ಟೆ ಎಂದೇ ಕರೆಯುತ್ತ ಬಂದಿದ್ದಾರೆ.

2010ರಲ್ಲಿ ಅಲಾಸ್ಕನ್ ಮಾಲಮೂಟ್ ನಾಯಿ ರಾಜ್ಯದ ನಾಯಿಯಾಯಿತು. ಅದಕ್ಕೆ ಓಡಾಡಿದವರೂ ಮಕ್ಕಳೇ, ಆಂಕರೇಜ್‌ನ ಪೋಲಾರಿಸ್ ಶಾಲೆಯವರು. ಪೋಲಾರಿಸ್ ಎಂದರೆ ಧ್ರುವ ನಕ್ಷತ್ರ. ನಾಯಿಗಳು ಜಾರುಬಂಡಿ ಎಳೆಯುವುದು 1972ರಿಂದಲೇ ರಾಜ್ಯದ ಅಧಿಕೃತ ಕ್ರೀಡೆ. ಅದನ್ನು ಕ್ರೀಡೆ ಎಂದಷ್ಟೇ ಹೇಳಿ ಮುಗಿಸಲಾಗದು. 1925ರ ಜನವರಿಯಲ್ಲಿ ನೋಮ್ ಎಂಬ ಊರಿನ ಮಕ್ಕಳಿಗೆ ಡಿಫ್ತೀರಿಯಾ, ಗಂಟಲಮಾರಿ, ತಗುಲಿತು. ಇದ್ದವರು ಒಬ್ಬರೇ ವೈದ್ಯರು, ಕರ್ಟಿಸ್ ವೆಲ್ಚ್. ಕಡಲು ಹೆಪ್ಪುಗಟ್ಟಿತ್ತು, ಅಂದಿನ ವಿಮಾನಗಳು ಆ ಚಳಿಯಲ್ಲಿ ಹಾರುವಂತಿರಲಿಲ್ಲ. ರೈಲು ಮುಟ್ಟುವ ನೆನಾನಾದಿಂದ ನೋಮ್‌ಗೆ 674 ಮೈಲಿ. ಇಪ್ಪತ್ತು ಮಂದಿ ಬಂಡಿಕಾರರು, ನೂರೈವತ್ತರಷ್ಟು ನಾಯಿಗಳು, ಒಬ್ಬರಿಂದ ಒಬ್ಬರಿಗೆ ಕೈದಾಟಿಸುತ್ತ, ಐದೂವರೆ ದಿನಗಳಲ್ಲಿ ಔಷಧ ತಲುಪಿಸಿದರು. ಫೆಬ್ರವರಿ 2ರ ನಸುಕಿನಲ್ಲಿ ಕೊನೆಯ ತಂಡವನ್ನು ಮುನ್ನಡೆಸಿ ಊರು ಮುಟ್ಟಿದ ಬಾಲ್ಟೊ ಎಂಬ ನಾಯಿಗೆ ನ್ಯೂಯಾರ್ಕ್‌ನಲ್ಲಿ ಪ್ರತಿಮೆಯಾಯಿತು. ಆದರೆ ಎಲ್ಲರಿಗಿಂತ ಉದ್ದದ, ಎಲ್ಲರಿಗಿಂತ ಅಪಾಯದ ಹಾದಿಯನ್ನು ಕ್ರಮಿಸಿದ್ದು ಬಂಡಿಕಾರ ಲಿಯೊನಾರ್ಡ್ ಸೆಪ್ಪಾಲ ಅವರ ನಾಯಿ ಟೋಗೊ. ಟೋಗೊಗೆ ಅಂದು ಅಷ್ಟು ಹೆಸರು ಬರಲಿಲ್ಲ. ಈಗೀಗ ಬರುತ್ತಿರುವುದು ಸಮಾಧಾನದ ವಿಷಯ.

1973ರಿಂದ ಆಂಕರೇಜ್ ಕಡೆಯಿಂದ ನೋಮ್‌ವರೆಗೆ ಪ್ರತಿ ವರ್ಷ ಇಡಿಟರಾಡ್ ಎಂಬ ನಾಯಿಬಂಡಿಗಳ ಓಟ ನಡೆಯುತ್ತದೆ. ಹಿಮ ಸಾಲದೆ ಅದರ ಆರಂಭವನ್ನು 2003, 2015, 2017 ಮತ್ತು 2025ರಲ್ಲಿ ಇನ್ನೂ ಉತ್ತರದ ಫೇರ್‌ಬ್ಯಾಂಕ್ಸ್‌ಗೆ ಸಾಗಿಸಬೇಕಾಯಿತು. ರಾಜ್ಯದ ಮೀನಿನ ಕಥೆ ಇದಕ್ಕಿಂತ ಕಳವಳದ್ದು. ಚಿನೂಕ್ ಎಂಬ ಕಿಂಗ್ ಸಾಲ್ಮನ್ ಅದು. 1985ರಲ್ಲಿ ಕೀನೈ ನದಿಯಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು 44 ಕಿಲೋ ತೂಗಿತ್ತು. ಇಂದು ಯೂಕಾನ್ ನದಿಯಲ್ಲಿ ಮೊಟ್ಟೆಯಿಡಲು ಬರುವ ಚಿನೂಕ್ ಎಷ್ಟು ಕಡಿಮೆಯಾಗಿವೆಯೆಂದರೆ, 2024ರಲ್ಲಿ ಅಲಾಸ್ಕ ಮತ್ತು ಕೆನಡ ಸೇರಿ ಅಲ್ಲಿ ಏಳು ವರ್ಷ ಅದನ್ನು ಹಿಡಿಯುವುದನ್ನೇ ನಿಲ್ಲಿಸಲು ಒಪ್ಪಿಕೊಂಡವು. ಒಂದು ಚಿನೂಕ್ ಮೊಟ್ಟೆಯಿಂದ ಹೊರಬಂದು, ಕಡಲಿಗೆ ಹೋಗಿ, ಮತ್ತೆ ಹುಟ್ಟಿದ ನದಿಗೆ ಮರಳಿ ಬರಲು ಬೇಕಾದ ಕಾಲ ಅದು. ಚಳಿಗಾಲಕ್ಕೆಂದು ಮೀನನ್ನು ಹೊಗೆಯಲ್ಲಿ ಒಣಗಿಸಿಡುವ ನದಿದಡದ ಹಳ್ಳಿಗಳ ಮನೆಗಳಿಗೆ, ರಾಜ್ಯದ ಲಾಂಛನವೆನಿಸಿದ ಮೀನೇ ಅಡುಗೆಮನೆಯಿಂದ ದೂರವಾಗಿದೆ.

ಮರ ಸಿಟ್ಕಾ ಸ್ಪ್ರೂಸ್, ಖನಿಜ ಚಿನ್ನ, ನೆಲದ ಪ್ರಾಣಿ ಮೂಸ್ ಕಡವೆ. ಇವನ್ನು ಹೆಸರಿಸಿ ಮುಂದೆ ಹೋಗಬಹುದು. ಕಡಲ ಪ್ರಾಣಿಯಾದ ಬೋಹೆಡ್ ತಿಮಿಂಗಿಲದ ಮುಂದೆ ಮಾತ್ರ ಒಂದು ಗಳಿಗೆ ನಿಲ್ಲಬೇಕು. 2007ರಲ್ಲಿ ಅಲಾಸ್ಕದ ಉತ್ತರ ಕರಾವಳಿಯಲ್ಲಿ ಇನ್ಯೂಪಿಯಾಕ್ ಬೇಟೆಗಾರರಿಗೆ ಸಿಕ್ಕಿದ ಒಂದು ತಿಮಿಂಗಿಲದ ಮೈಯೊಳಗೆ 19ನೇ ಶತಮಾನದ ಕೊನೆಯಲ್ಲಿ ತಯಾರಾದ ಈಟಿಯ ಚೂರೊಂದಿತ್ತು. ಬೆನ್ನಿ ಬೆನ್ಸನ್ ಹುಟ್ಟುವ ಎಷ್ಟೋ ಮೊದಲೇ ಆ ಜೀವಕ್ಕೆ ಒಂದು ಪೆಟ್ಟು ಬಿದ್ದಿತ್ತು.

1959ರ ಜನವರಿ 3ರಂದು ಅಲಾಸ್ಕ 49ನೇ ರಾಜ್ಯವಾಯಿತು. ಹೊಸ ರಾಜ್ಯ ತನ್ನ ಬಾವುಟವನ್ನು ಬದಲಿಸುವ ಗೋಜಿಗೆ ಹೋಗಲಿಲ್ಲ. ಮರೀ ಡ್ರೇಕ್ ಬರೆದು ಎಲಿನೊರ್ ಡೂಸನ್‌ಬರಿ ರಾಗ ಹಾಕಿದ ನಾಡಗೀತೆಯೂ ಇದೇ ಬಾವುಟವನ್ನು ಕುರಿತದ್ದು. ರಷ್ಯದಿಂದ ಕೊಂಡ ನೂರನೇ ವರ್ಷದಲ್ಲಿ, 1967ರಲ್ಲಿ, ‘ಭವಿಷ್ಯಕ್ಕೆ ಉತ್ತರದ ಹಾದಿ’ ಎಂಬ ಭಾವದ ಧ್ಯೇಯವಾಕ್ಯ ಅಧಿಕೃತವಾಯಿತು. ಅದನ್ನೂ ಇನ್ನೊಂದು ಸ್ಪರ್ಧೆ ನಡೆಸಿಯೇ ಆರಿಸಿದ್ದರು.

ಗುರುತುಗಳ ಮಾತು ಎಲ್ಲ ಕಡೆಯೂ ಇಷ್ಟು ಸಲೀಸಾಗಿ ನಡೆದಿಲ್ಲ. ಉತ್ತರ ಅಮೆರಿಕದ ಅತಿ ಎತ್ತರದ ಶಿಖರ ಅಲಾಸ್ಕದಲ್ಲಿದೆ, 6,190 ಮೀಟರ್. ಕೊಯುಕಾನ್ ಜನ ಅದನ್ನು ಡೆನಾಲಿ ಎಂದರು, ಎತ್ತರದ್ದು ಎಂದು. ಅಲಾಸ್ಕಕ್ಕೆ ಎಂದೂ ಬಾರದ ವಿಲಿಯಂ ಮೆಕಿನ್ಲಿ ಎಂಬ ರಾಜಕಾರಣಿಯ ಹೆಸರನ್ನು 1896ರಲ್ಲಿ ಚಿನ್ನ ಹುಡುಕುವವನೊಬ್ಬ ಅದಕ್ಕೆ ಅಂಟಿಸಿದ. ಹಳೆಯ ಹೆಸರು ಬೇಕೆಂದು ರಾಜ್ಯ 1975ರಲ್ಲೇ ಕೇಳಿತು. 2015ರಲ್ಲಿ ಕೇಂದ್ರ ಒಪ್ಪಿತು. 2025ರ ಜನವರಿಯಲ್ಲಿ ಅಧ್ಯಕ್ಷರ ಆದೇಶದಿಂದ ಮತ್ತೆ ಮೆಕಿನ್ಲಿ ಆಯಿತು. ಡೆನಾಲಿಯೇ ಇರಲಿ ಎಂದು ಅಲಾಸ್ಕದ ಶಾಸನಸಭೆ ನಿರ್ಣಯ ಮಾಡಿ ಕೇಳಿಕೊಂಡಿದೆ.

ಭಾಷೆಯ ವಿಷಯವಂತೂ ಇನ್ನೂ ಆಳದ್ದು. ಅಲಾಸ್ಕದ ಶಾಲೆಗಳಲ್ಲಿ ತಾಯ್ನುಡಿ ಆಡಿದ ಮಕ್ಕಳನ್ನು ಶಿಕ್ಷಿಸುತ್ತಿದ್ದ ಕಾಲವೊಂದಿತ್ತು. ಅಂಥ ಮಕ್ಕಳ ಮಕ್ಕಳು, ಮೊಮ್ಮಕ್ಕಳು 2014ರ ಏಪ್ರಿಲ್‌ನಲ್ಲಿ ಜೂನೋದ ವಿಧಾನಭವನದಲ್ಲಿ ಹದಿನೈದು ಗಂಟೆ ಧರಣಿ ಕುಳಿತರು. ಬೆಳಗಿನ ಜಾವ ಮೂರು ಗಂಟೆ ದಾಟಿದ ಮೇಲೆ ಸೆನೆಟ್ ಮಸೂದೆಗೆ ಮತ ಕೊಟ್ಟಿತು. ಇಂಗ್ಲಿಷಿನ ಜೊತೆಗೆ ಇಪ್ಪತ್ತು ಮೂಲನಿವಾಸಿ ಭಾಷೆಗಳು ರಾಜ್ಯದ ಅಧಿಕೃತ ಭಾಷೆಗಳಾದವು. ಸರ್ಕಾರದ ಕಡತಗಳು ಆ ಭಾಷೆಗಳಿಗೆ ತಿರುಗಬೇಕೆಂದು ಕಾನೂನು ಹೇಳುವುದಿಲ್ಲ, ಅದು ಗೌರವದ ಗುರುತು ಮಾತ್ರ. ಆದರೂ ಆ ಪಟ್ಟಿಯಲ್ಲಿ ಎಯಾಕ್ ಎಂಬ ಹೆಸರಿದೆ. ಎಯಾಕ್ ಅನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯವರಾದ ಮರೀ ಸ್ಮಿತ್ ಜೋನ್ಸ್ 2008ರ ಜನವರಿಯಲ್ಲೇ ಆಂಕರೇಜ್‌ನಲ್ಲಿ ತೀರಿಕೊಂಡಿದ್ದರು. ಆಡುವವರಿಲ್ಲದ ಭಾಷೆಗೂ ಜಾಗ ಬಿಡುವುದನ್ನು ಆ ಧರಣಿ ಕುಳಿತವರು ಮರೆಯಲಿಲ್ಲ.

ಜೆಸ್ಸಿ ಲೀ ಹೋಮ್ ಈಗಿಲ್ಲ. 1964ರ ಮಾರ್ಚ್ 27ರಂದು, 9.2 ಪ್ರಮಾಣದ ಭೂಕಂಪಕ್ಕೆ ಸೀವರ್ಡ್ ಊರೇ ತತ್ತರಿಸಿತು. ಅನಾಥಾಲಯ ಆಂಕರೇಜ್‌ಗೆ ಸ್ಥಳಾಂತರವಾಯಿತು. ದಶಕಗಳ ಕಾಲ ಪಾಳುಬಿದ್ದಿದ್ದ ಕಟ್ಟಡವನ್ನು ಉಳಿಸಿಕೊಳ್ಳಲು ಹಲವರು ಪ್ರಯತ್ನಪಟ್ಟರೂ 2020ರಲ್ಲಿ ಅದನ್ನು ಕೆಡವಿದರು. ಅಲಾಸ್ಕದ ಬಾವುಟ ಮೊದಲು ಹಾರಿದ ಜಾಗ ಅದು. ಉಳಿಸಿಕೊಳ್ಳಬೇಕಿತ್ತು.

ಬೆನ್ನಿ ಬೆನ್ಸನ್ ನಡುವಯಸ್ಸಿನಲ್ಲಿ ಕೋಡಿಯಾಕ್ ದ್ವೀಪಕ್ಕೆ ಹೋಗಿ ನೆಲೆಸಿದರು. ಸಿಯಾಟಲ್‌ನಲ್ಲಿ ಕಲಿತ ವಿದ್ಯೆ ಕೈಹಿಡಿದಿತ್ತು. ಅಲ್ಲಿನ ಒಂದು ಚಿಕ್ಕ ವಿಮಾನ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿ, ದ್ವೀಪದಿಂದ ದ್ವೀಪಕ್ಕೆ ಹಾರುವ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸುತ್ತ ದುಡಿದರು. ಬಹುಮಾನದ ಗಡಿಯಾರವನ್ನು ರಾಜ್ಯದ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. 1969ರಲ್ಲಿ ಒಂದು ಕಾಲನ್ನು ಕಳೆದುಕೊಂಡರು, 1972ರ ಜುಲೈನಲ್ಲಿ ತೀರಿಕೊಂಡರು. ಕೋಡಿಯಾಕ್‌ನಲ್ಲಿ ವಿಮಾನ ಇಳಿಯುವ ಪ್ರಯಾಣಿಕರನ್ನು ಈಗ ಎದುರುಗೊಳ್ಳುವುದು ಆ ಮೆಕ್ಯಾನಿಕ್‌ನ ಹೆಸರು. 2013ರಿಂದ ಅದು ಬೆನ್ನಿ ಬೆನ್ಸನ್ ವಿಮಾನ ನಿಲ್ದಾಣ.